ಬಿಡುಗಡೆಯ ದಿನವಲ್ಲ, ಅದಕ್ಕೆ ಮುಂಚಿನ ತಿಂಗಳುಗಳು ಮುಖ್ಯ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡ ಮೇಲೆ, ವಿಂಡೋಸ್ 11ಕ್ಕೆ ಏರಲಾಗದ ಕಂಪ್ಯೂಟರುಗಳನ್ನು ಗುಜರಿಗೆ ಹಾಕದೆ ಲಿನಕ್ಸ್ ಆಧಾರಿತ ಮುಕ್ತ (ಮೂಲ ಸಂಕೇತ, ಅಂದರೆ ಕೋಡ್, ಎಲ್ಲರಿಗೂ ತೆರೆದಿರುವ) ಆಪರೇಟಿಂಗ್ ಸಿಸ್ಟಮ್‌ಗಳಿಗೆ ಬದಲಾಯಿಸಿಕೊಳ್ಳಿ ಎಂಬ ಸಲಹೆ ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲೂ ಓದುಗರ ಪತ್ರಗಳಲ್ಲೂ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಸಲಹೆ ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಸಿಟ್ಟಿನ ಪತ್ರಗಳೂ ಬರತೊಡಗಿವೆ: ಅಂಥ ವ್ಯವಸ್ಥೆಗಳಲ್ಲೊಂದಾದ ಡೆಬಿಯನ್‌ನ ಹೊಸ ಆವೃತ್ತಿ ಹಳೆಯ 32-ಬಿಟ್ (ಒಂದು ಸಲಕ್ಕೆ 32 ಬಿಟ್ ದತ್ತಾಂಶ ನಿಭಾಯಿಸುವ ಪ್ರೊಸೆಸರಿನ) ಯಂತ್ರಗಳನ್ನು ಕೈಬಿಟ್ಟಿದೆ, ಫೈರ್‌ಫಾಕ್ಸ್ ಕೂಡ ಅದೇ ಹಾದಿ ಹಿಡಿದಿದೆ, ಹೀಗಾದರೆ ಮುಕ್ತ ತಂತ್ರಾಂಶಕ್ಕೂ ದೊಡ್ಡ ಕಂಪನಿಗಳಿಗೂ ಏನು ವ್ಯತ್ಯಾಸ ಎಂದು ಅವು ಕೇಳುತ್ತವೆ. ಈ ಸಿಟ್ಟಿಗೆ ಕಾರಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ಅದು ತಪ್ಪು ಜಾಗಕ್ಕೆ ತಗಲುತ್ತಿದೆ ಎಂದಷ್ಟೇ ಹೇಳಬಯಸುತ್ತೇನೆ. ಮುಕ್ತ ಆಪರೇಟಿಂಗ್ ಸಿಸ್ಟಮ್ ಒಂದು ಯಂತ್ರವನ್ನು ಬೆಂಬಲಿಸುತ್ತದೆ ಎನ್ನುವಾಗ, ಬಿಡುಗಡೆಗೆ ಮುಂಚೆ ಆ ಯಂತ್ರವನ್ನು ಎದುರಿಗಿಟ್ಟುಕೊಂಡು ಪರೀಕ್ಷಿಸುವ, ಕೆಟ್ಟದ್ದನ್ನು ಸರಿಪಡಿಸುವ ಜನ ಎಲ್ಲೋ ಇದ್ದಾರೆ ಎಂದು ತಿಳಿಯಬೇಕು. ಆ ಜನ ಚದುರಿದಾಗ ಬೆಂಬಲವೂ ಹೋಗುತ್ತದೆ. ಇದನ್ನು ತುಸು ವಿವರವಾಗಿ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಹೊರಗಿನಿಂದ ನೋಡುವವರಿಗೆ ಹೊಸ ಆವೃತ್ತಿಯ ಬಿಡುಗಡೆ ಒಂದು ದಿನದ ಸುದ್ದಿ. ಒಳಗೆ ದುಡಿಯುವವರಿಗೆ ಅದು ತಿಂಗಳುಗಟ್ಟಲೆ ಎಳೆಯುವ ಕೆಲಸ, ಅದರಲ್ಲೂ ಬಹುಪಾಲು 'ಈಗ ಬೇಡ' ಎಂದು ಹೇಳುವ ಕೆಲಸ. 1993ರಲ್ಲಿ ಇಯಾನ್ ಮುರ್ಡಾಕ್ ಆರಂಭಿಸಿದ ಡೆಬಿಯನ್ ಯೋಜನೆಯನ್ನೇ ನೋಡೋಣ. ಅಲ್ಲಿ ಪ್ರತಿಯೊಂದು ಪ್ಯಾಕೇಜಿನ (ಹಂಚಲು ಕಟ್ಟಿಟ್ಟ ತಂತ್ರಾಂಶದ) ಹೊಸ ಆವೃತ್ತಿಯೂ ಮೊದಲು 'ಅನ್‌ಸ್ಟೇಬಲ್' ಎಂಬ ಭಂಡಾರವನ್ನು ಸೇರುತ್ತದೆ. ತುರ್ತಿಗೆ ತಕ್ಕಂತೆ ಸಾಮಾನ್ಯವಾಗಿ 2ರಿಂದ 10 ದಿನ ಅಲ್ಲಿದ್ದು, ಬಿಡುಗಡೆಯನ್ನೇ ತಡೆಯುವಂಥ ಹೊಸ ದೋಷ ಯಾವುದೂ ವರದಿಯಾಗದಿದ್ದರೆ 'ಟೆಸ್ಟಿಂಗ್' ಭಂಡಾರಕ್ಕೆ ದಾಟುತ್ತದೆ. ದಾಟಲು ಇನ್ನೊಂದು ಷರತ್ತಿದೆ, ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದೇ: ಹಿಂದಿನ ಆವೃತ್ತಿ ಯಾವ ಯಾವ ಪ್ರೊಸೆಸರ್ ಬಗೆಗಳಿಗೆ ಬಿಲ್ಡ್ ಆಗಿತ್ತೋ (ಮೂಲ ಸಂಕೇತದಿಂದ ಓಡಿಸಬಲ್ಲ ರೂಪಕ್ಕೆ ತಯಾರಾಗಿತ್ತೋ) ಅಷ್ಟಕ್ಕೂ ಹೊಸದು ಬಿಲ್ಡ್ ಆಗಿರಬೇಕು. ಬಳಕೆದಾರರು ವಿರಳವಾಗಿರುವ ಒಂದು ಬಗೆಯಲ್ಲಿ ಬಿಲ್ಡ್ ಮುರಿದು ಬಿದ್ದರೂ, ಆ ಪ್ಯಾಕೇಜನ್ನು ಅವಲಂಬಿಸಿದ ಸಾಲು ಸಾಲು ಪ್ಯಾಕೇಜುಗಳು, ಎಲ್ಲ ಬಗೆಯ ಯಂತ್ರಗಳಿಗೂ ಸೇರಿದಂತೆ, ಅಲ್ಲೇ ನಿಂತುಬಿಡುತ್ತವೆ. ಒಂದು ಯಂತ್ರವನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳುವ ಖರ್ಚು ಏನೆಂದು ಕೇಳುವವರಿಗೆ ಇದು ಮೊದಲ ಉತ್ತರ.

ಆಮೇಲೆ ಫ್ರೀಜ್, ಅಂದರೆ ಹೊಸ ಬದಲಾವಣೆಗಳನ್ನು ಹಂತ ಹಂತವಾಗಿ ತಡೆಯುವ ಅವಧಿ, ಬರುತ್ತದೆ. 'ಟ್ರಿಕ್ಸಿ' ಎಂಬ ಹೆಸರಿನ ಡೆಬಿಯನ್ 13 ಬಿಡುಗಡೆಯಾದದ್ದು 2025ರ ಆಗಸ್ಟ್ 9ರಂದು. ಆದರೆ ಅದರ ಬಾಗಿಲು ಮುಚ್ಚತೊಡಗಿದ್ದು ಮಾರ್ಚ್ 15ರಿಂದಲೇ. ಅಂದು ಕಂಪೈಲರ್‌ನಂಥ (ಮೂಲ ಸಂಕೇತವನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಮಿನಂಥ) ಬುನಾದಿಯ ಭಾಗಗಳ ಬದಲಾವಣೆ ನಿಂತಿತು. ಏಪ್ರಿಲ್ 15ರಿಂದ ಸಣ್ಣ, ನಿರ್ದಿಷ್ಟ ಬದಲಾವಣೆಗಳಿಗೆ ಮಾತ್ರ ಅವಕಾಶ. ಮೇ 15ರಿಂದ ಮುಖ್ಯ ಪ್ಯಾಕೇಜುಗಳಿಗೆ ಬಿಡುಗಡೆ ತಂಡದ ಒಪ್ಪಿಗೆಯೇ ಬೇಕು. ಜುಲೈ 27ರ ಬಳಿಕ ಏನೇ ಒಳಗೆ ಬರಬೇಕಾದರೂ ಒಂದೊಂದಾಗಿ ಕೇಳಿಕೊಂಡು ಬರಬೇಕು. ಕೇಳುವ ಕ್ರಮವೂ ಕಟ್ಟುನಿಟ್ಟಾದದ್ದು. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಸಾಲು ಸಾಲಾಗಿ ತೋರಿಸಿ, ಯಾವ ದೋಷ ಸರಿಹೋಗುತ್ತದೆ, ಏನು ಕೆಡುವ ಸಂಭವವಿದೆ, ಪರೀಕ್ಷೆ ಹೇಗೆ ನಡೆದಿದೆ ಎಂದು ಬರೆದು ಕೊಡಬೇಕು. ವೇತನವಿಲ್ಲದ ಸ್ವಯಂಸೇವಕರು ರಾತ್ರಿ ಕೂತು ಇಂಥ ಅರ್ಜಿಗಳನ್ನು ಓದುತ್ತಾರೆ. ಹೊಸ ಸೌಲಭ್ಯ ಬರೆದವರಿಗೆ ಸಿಗುವ ಮೆಚ್ಚುಗೆ ಇವರಿಗೆ ಸಿಗುವುದಿಲ್ಲ. ಇವರ ಕೆಲಸ ಚೆನ್ನಾಗಿ ನಡೆದರೆ ಯಾರ ಗಮನಕ್ಕೂ ಬರುವುದಿಲ್ಲ.

ಯಂತ್ರಭಾಗಗಳನ್ನೂ ಪ್ರೋಗ್ರಾಮುಗಳನ್ನೂ ನಿಭಾಯಿಸುವ ತಿರುಳಾದ ಲಿನಕ್ಸ್ ಕರ್ನಲ್‌ನ ಲಯ ಬೇರೆ. ಅಲ್ಲಿ ಎರಡು ವಾರ ಬದಲಾವಣೆಗಳನ್ನು ಒಳಗೆ ಸೇರಿಸಿಕೊಂಡು, ನಂತರ ವಾರಕ್ಕೊಂದರಂತೆ ಏಳೆಂಟು ಪರೀಕ್ಷಾರ್ಥ ಆವೃತ್ತಿಗಳನ್ನು ಹೊರಡಿಸಿ, ಒಂಬತ್ತು ಹತ್ತು ವಾರಗಳಿಗೊಮ್ಮೆ ಅಂತಿಮ ಆವೃತ್ತಿ ಕೊಡುತ್ತಾರೆ. ಈ ಪರೀಕ್ಷಾರ್ಥ ಆವೃತ್ತಿಗಳು ಶಾಸ್ತ್ರಕ್ಕೆ ಮಾಡುವ ಏರ್ಪಾಡಲ್ಲ ಎಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ.

2008ರ ಸೆಪ್ಟೆಂಬರ್. ಕರ್ನಲ್ 2.6.27 ಇನ್ನೂ ಪರೀಕ್ಷಾ ಹಂತದಲ್ಲಿತ್ತು. ಅದನ್ನು ಹಾಕಿಕೊಂಡ ಕೆಲವರ ಕಂಪ್ಯೂಟರುಗಳಲ್ಲಿ ತಂತಿಯ ಮೂಲಕ ಜಾಲಕ್ಕೆ ಸೇರಿಸುವ ಇಂಟೆಲ್‌ನ ಈಥರ್‌ನೆಟ್ ಕಾರ್ಡ್ ಇದ್ದಕ್ಕಿದ್ದಂತೆ ಸತ್ತುಹೋಗತೊಡಗಿತು. ಮರುಚಾಲನೆ ಮಾಡಿದರೂ ಹಳೆಯ ಕರ್ನಲ್‌ಗೆ ಮರಳಿದರೂ ಪ್ರಯೋಜನವಿಲ್ಲ, ಏಕೆಂದರೆ ಕಾರ್ಡಿನ ವಿಳಾಸ ಮತ್ತು ಹೊಂದಿಕೆಗಳನ್ನು ಇಟ್ಟುಕೊಳ್ಳುವ ಶಾಶ್ವತ ಸ್ಮೃತಿಯೇ ಅಳಿಸಿಹೋಗಿತ್ತು. ಎಲ್ಲರ ಅನುಮಾನವೂ ಸಹಜವಾಗಿ ಆ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮಿನ ಮೇಲೆ ಬಿತ್ತು. ಲಿನಕ್ಸ್ ಆಧಾರಿತ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಉಬುಂಟು ತನ್ನ ಪರೀಕ್ಷಾರ್ಥ ಆವೃತ್ತಿಯಲ್ಲಿ ಆ ಡ್ರೈವರನ್ನೇ ನಿಲ್ಲಿಸಿತು. ಇಂಟೆಲ್‌ನ ಎಂಜಿನಿಯರುಗಳು ಆ ಸ್ಮೃತಿಗೆ ಬೀಗ ಹಾಕುವ ತಿದ್ದುಪಡಿ (ಪ್ಯಾಚ್) ಬರೆದರು. ವಾರಗಳ ಹುಡುಕಾಟದ ನಂತರ ಸಿಕ್ಕ ಕಳ್ಳ ಬೇರೆಯೇ ಆಗಿದ್ದ. ಕರ್ನಲ್‌ನೊಳಗಿನ ಫಂಕ್ಷನ್‌ಗಳ ಓಡಾಟವನ್ನು ದಾಖಲಿಸುವ ಎಫ್‌ಟ್ರೇಸ್ ಎಂಬ ಸೌಲಭ್ಯ, ತಾನು ತಿದ್ದಬೇಕಾದ ಜಾಗಗಳ ವಿಳಾಸಗಳನ್ನು ಗುರುತು ಹಾಕಿಕೊಂಡಿರುತ್ತಿತ್ತು. ಆರಂಭದ ಕೆಲಸ ಮುಗಿಸಿ ಬಿಡುಗಡೆಯಾದ ಸ್ಮೃತಿಯ ವಿಳಾಸಗಳೂ ಆ ಪಟ್ಟಿಯಲ್ಲಿ ಉಳಿದಿದ್ದವು. ಅದೇ ವಿಳಾಸಗಳಿಗೆ ಮುಂದೆ ಈಥರ್‌ನೆಟ್ ಕಾರ್ಡಿನ ಫ್ಲ್ಯಾಶ್ (ಮೇಲೆ ಹೇಳಿದ ಶಾಶ್ವತ ಸ್ಮೃತಿ) ಬಂದು ಕೂತಾಗ, ಎಫ್‌ಟ್ರೇಸ್ ತನ್ನ ಹಳೆಯ ಪಟ್ಟಿಯನ್ನು ನಂಬಿ ಅಲ್ಲಿಗೆ ಬರೆದುಬಿಡುತ್ತಿತ್ತು. ಅಕ್ಟೋಬರ್‌ನಲ್ಲಿ 2.6.27 ಹೊರಬಂದ ಕೆಲವೇ ದಿನಗಳಲ್ಲಿ 2.6.27.1ನ್ನು ಹೊರಡಿಸಿ ಆ ಸೌಲಭ್ಯವನ್ನು ಬಳಸಲಾಗದಂತೆ ಮಾಡಲಾಯಿತು. ಒಂದು ಕಡೆಯ ಬದಲಾವಣೆ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಕಡೆಯ ಯಂತ್ರಭಾಗವನ್ನು ಕೊಂದ ಪ್ರಕರಣ ಇದು. ಸಂಕೇತವನ್ನು ಎಷ್ಟು ಜಾಣರು ಓದಿದ್ದರೂ, ನಿಜವಾದ ಕಾರ್ಡು ಇದ್ದ ನಿಜವಾದ ಯಂತ್ರದಲ್ಲಿ ಯಾರೋ ಓಡಿಸಿ ನೋಡದೆ ಇದು ಬೆಳಕಿಗೆ ಬರುತ್ತಿರಲಿಲ್ಲ. ಪರೀಕ್ಷಾ ಹಂತದಲ್ಲೇ ಬಂದದ್ದರಿಂದ ಹಾನಿ ಕೆಲವರಿಗೆ ಸೀಮಿತವಾಯಿತು.

ಎರಡನೆಯದರಲ್ಲಿ ಆ ಅದೃಷ್ಟ ಇರಲಿಲ್ಲ. ಉಬುಂಟು 17.10 ಬಿಡುಗಡೆಯಾದದ್ದು 2017ರ ಅಕ್ಟೋಬರ್‌ನಲ್ಲಿ. ಡಿಸೆಂಬರ್‌ನಲ್ಲಿ ಅದರ ಡೌನ್‌ಲೋಡನ್ನೇ ನಿಲ್ಲಿಸಬೇಕಾಗಿ ಬಂತು, ಕಾರಣ ಕೆಲವು ಲೆನೊವೊ ಲ್ಯಾಪ್‌ಟಾಪ್‌ಗಳಲ್ಲೂ ಇನ್ನಿತರ ಕೆಲವು ಯಂತ್ರಗಳಲ್ಲೂ ಅದನ್ನು ಹಾಕಿದ ಮೇಲೆ ಬಯಾಸ್‌ನಲ್ಲಿ (ಕಂಪ್ಯೂಟರ್ ಚಾಲೂ ಆದೊಡನೆ ಮೊದಲು ಓಡುವ ಪ್ರೋಗ್ರಾಮಿನಲ್ಲಿ) ಮಾಡಿದ ಬದಲಾವಣೆ ಉಳಿಯುತ್ತಿರಲಿಲ್ಲ, ಪೆನ್‌ಡ್ರೈವ್‌ನಿಂದ ಚಾಲೂ ಮಾಡಲೂ ಆಗುತ್ತಿರಲಿಲ್ಲ. ಬಯಾಸ್ ಇರುವ ಚಿಪ್‌ಗೆ ಬರೆಯಬಲ್ಲ ಇಂಟೆಲ್‌ನ ಒಂದು ಡ್ರೈವರ್ ಕರ್ನಲ್‌ನ ಹೊಂದಿಕೆಯಲ್ಲಿ ಸೇರಿಕೊಂಡಿತ್ತು. ಸಾಮಾನ್ಯ ಬಳಕೆದಾರರಿಗೆ ಅದರ ಅಗತ್ಯವೇ ಇರಲಿಲ್ಲ. ಅದನ್ನು ತೆಗೆದು, ಸರಿಪಡಿಸಿದ 17.10.1ನ್ನು 2018ರ ಜನವರಿಯಲ್ಲಿ ಕೊಟ್ಟರು. ಸಾವಿರಾರು ಆಯ್ಕೆಗಳ ನಡುವೆ ಒಂದನ್ನು 'ಹೌದು' ಎಂದು ಗುರುತಿಸಿದ್ದರ ಫಲ ಅಷ್ಟೆಲ್ಲ. ಆ ಮಾದರಿಯ ಲ್ಯಾಪ್‌ಟಾಪ್ ಇದ್ದ ಒಂದಷ್ಟು ಜನ ಸೆಪ್ಟೆಂಬರ್‌ನಲ್ಲಿ ಬೀಟಾ (ಬಿಡುಗಡೆಗೆ ಮುಂಚಿನ ಪರೀಕ್ಷಾರ್ಥ ಆವೃತ್ತಿ) ಹಾಕಿ ಬಯಾಸ್ ತೆರೆದು ನೋಡಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುವುದುಂಟು. ಆದರೆ ಹೊಸ ಆಪರೇಟಿಂಗ್ ಸಿಸ್ಟಮ್ ಪರೀಕ್ಷಿಸುವಾಗ ಬಯಾಸ್ ಹೊಂದಿಕೆ ಉಳಿಯುತ್ತದೆಯೇ ಎಂದು ನೋಡುವವರು ಯಾರಿದ್ದಾರೆ?

ಈ ಪರೀಕ್ಷೆಯನ್ನೆಲ್ಲ ಯಂತ್ರಕ್ಕೇ ಒಪ್ಪಿಸಬಾರದೇ ಎಂದು ಕೇಳಬಹುದು. ಒಪ್ಪಿಸಿಯೂ ಇದ್ದಾರೆ. ಲಿನಕ್ಸ್ ಆಧಾರಿತ ಓಪನ್‌ಸೂಸೆ ಮತ್ತು ಫೆಡೋರಾ ಯೋಜನೆಗಳು ಬಳಸುವ ಓಪನ್‌ಕ್ಯೂಎ ಎಂಬ ವ್ಯವಸ್ಥೆ, ಮನುಷ್ಯ ಕೂತು ಮಾಡುವಂತೆಯೇ ಅನುಸ್ಥಾಪನೆಯ (ಇನ್‌ಸ್ಟಾಲ್ ಮಾಡುವ) ಪರದೆಗಳನ್ನು ನೋಡಿ ಗುಂಡಿ ಒತ್ತುತ್ತ ಹೋಗುತ್ತದೆ. ಅದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಆದರೆ ಅದು ಹೆಚ್ಚಾಗಿ ನಡೆಯುವುದು ವರ್ಚುವಲ್ ಯಂತ್ರಗಳಲ್ಲಿ, ಅಂದರೆ ಸದಾ ಒಂದೇ ಬಗೆಯ, ಎಂದೂ ಕೆಡದ, ತಂತ್ರಾಂಶದಲ್ಲೇ ಕಟ್ಟಿದ ಯಂತ್ರಗಳಲ್ಲಿ. ಅಲ್ಲಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ತೆರೆಯುವಂತಿಲ್ಲ, ಬ್ಯಾಟರಿ ಇಳಿಯುವುದಿಲ್ಲ, ವೈಫೈ ಚಿಪ್ ಫರ್ಮ್‌ವೇರ್ (ತನ್ನೊಳಗೆ ಓಡಬೇಕಾದ ಪ್ರೋಗ್ರಾಮ್) ಕೇಳುವುದಿಲ್ಲ. ನಿದ್ರಾವಸ್ಥೆಯಿಂದ ಎದ್ದ ಲ್ಯಾಪ್‌ಟಾಪಿನಲ್ಲಿ ಪರದೆ ಬೆಳಗಿ, ಕೀಲಿಮಣೆ ಕೆಲಸ ಮಾಡಿ, ಟಚ್‌ಪ್ಯಾಡ್ ಮಾತ್ರ ಸುಮ್ಮನಿರುವುದು ನಮ್ಮಂಥ ಪರೀಕ್ಷಕರಿಗೆ ಚೆನ್ನಾಗಿ ಪರಿಚಿತವಾದ ದೃಶ್ಯ. ಅದನ್ನು ಕಾಣಲು ಆ ಲ್ಯಾಪ್‌ಟಾಪೇ ಬೇಕು.

ಕೆನಡಾದ ಕ್ಯಾಲ್ಗರಿಯಿಂದ ಥಿಯೊ ಡಿ ರಾಡ್ ಮುನ್ನಡೆಸುವ ಓಪನ್‌ಬಿಎಸ್‌ಡಿ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಯೋಜನೆ ಈ ವಿಷಯದಲ್ಲಿ ಎಲ್ಲರಿಗಿಂತ ಹಟಮಾರಿ. ವರ್ಷಕ್ಕೆರಡು ಬಿಡುಗಡೆಗಳನ್ನು ಹಲವು ದಶಕಗಳಿಂದ ಬಿಡದೆ ಕೊಡುತ್ತಿರುವ ಈ ಗುಂಪು, ಯಾವ ಬಗೆಯ ಯಂತ್ರಕ್ಕೆ ಬಿಡುಗಡೆಯೋ ಅದೇ ಬಗೆಯ ಯಂತ್ರದಲ್ಲೇ ಇಡೀ ವ್ಯವಸ್ಥೆಯನ್ನು ಬಿಲ್ಡ್ ಮಾಡುತ್ತದೆ. ವೇಗದ ಒಂದು ಯಂತ್ರದಲ್ಲಿ ಕೂತು ಉಳಿದವಕ್ಕೆಲ್ಲ ತಯಾರಿಸಿ ಹಂಚುವ ಸುಲಭದ ದಾರಿ ಅದಕ್ಕೆ ಒಪ್ಪಿಗೆಯಿಲ್ಲ. ಯಂತ್ರ ತನ್ನನ್ನು ತಾನೇ ಕಟ್ಟಿಕೊಳ್ಳಲಾರದಿದ್ದರೆ ಅದನ್ನು ಬೆಂಬಲಿಸುತ್ತೇವೆ ಎನ್ನುವುದರಲ್ಲಿ ಅರ್ಥವಿಲ್ಲ ಎಂಬುದು ಇದರ ಹಿಂದಿನ ವಾದ. ಇನ್ನೊಂದು ಲಾಭವೂ ಇದೆ. ಸ್ಪಾರ್ಕ್64 ಪ್ರೊಸೆಸರ್, ಸ್ಮೃತಿಯಲ್ಲಿ ದತ್ತಾಂಶ ಸರಿಯಾದ ಅಂಚಿಗೆ ಕೂತಿರದಿದ್ದರೆ ತಕ್ಷಣ ತಕರಾರು ತೆಗೆಯುತ್ತದೆ. ನಾವು ದಿನವೂ ಬಳಸುವ ಇಂಟೆಲ್, ಎಎಂಡಿ ಪ್ರೊಸೆಸರುಗಳು ಅಂಥ ತಪ್ಪನ್ನು ನುಂಗಿಕೊಂಡು ಮುಂದೆ ಹೋಗುತ್ತವೆ. ಹೀಗೆ ಅಪರೂಪದ ಯಂತ್ರದಲ್ಲಿ ಸಿಕ್ಕ ದೋಷ ಎಲ್ಲರ ಯಂತ್ರದಲ್ಲೂ ಸರಿಹೋಗುತ್ತದೆ. ಆದರೆ ಇದಕ್ಕೆ ಬೆಲೆಯುಂಟು: 2014ರ ಆರಂಭದಲ್ಲಿ, ಬಿಲ್ಡ್ ಯಂತ್ರಗಳ ವಿದ್ಯುತ್ ಬಿಲ್ಲು 20,000 ಡಾಲರ್ ಕಟ್ಟಲಾಗದೆ ಯೋಜನೆ ಸಾರ್ವಜನಿಕವಾಗಿ ನೆರವು ಕೇಳಬೇಕಾಯಿತು. ಜಗತ್ತಿನಾದ್ಯಂತ ಬಳಕೆಯಲ್ಲಿರುವ, ದೂರದ ಕಂಪ್ಯೂಟರಿಗೆ ಭದ್ರವಾಗಿ ಸಂಪರ್ಕ ಕೊಡುವ ಓಪನ್‌ಎಸ್‌ಎಸ್‌ಎಚ್ ಹುಟ್ಟಿದ್ದು ಇದೇ ಗುಂಪಿನಲ್ಲಿ ಎಂಬುದನ್ನು ನೆನೆದರೆ ಆ ಮೊತ್ತ ಎಷ್ಟು ಚಿಕ್ಕದೆಂದು ತಿಳಿಯುತ್ತದೆ.

ಈಗ 32-ಬಿಟ್ ಯಂತ್ರಗಳ ಪ್ರಶ್ನೆಗೆ ಬರುತ್ತೇನೆ. ಇದು ನಿನ್ನೆ ಮೊನ್ನೆಯ ಜಗಳವಲ್ಲ. ಡೆಬಿಯನ್‌ನ 3.0 ಆವೃತ್ತಿ ಬಂದದ್ದು 2002ರ ಜುಲೈನಲ್ಲಿ, ಮುಂದಿನ 3.1 ಬಂದದ್ದು 2005ರ ಜೂನ್‌ನಲ್ಲಿ. ಸುಮಾರು ಮೂರು ವರ್ಷದ ಆ ಅಂತರದಲ್ಲಿ 11 ಪ್ರೊಸೆಸರ್ ಬಗೆಗಳನ್ನು ಒಟ್ಟೊಟ್ಟಿಗೆ ಎಳೆದುಕೊಂಡು ಬರುವ ಭಾರವೂ ಒಂದು ಚರ್ಚೆಯಾಯಿತು. 2005ರ ಮಾರ್ಚ್‌ನಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಬಿಡುಗಡೆ ತಂಡ ಮತ್ತಿತರರು, ಮುಂದಿನ ಆವೃತ್ತಿಯಿಂದ ನಾಲ್ಕೇ ಬಗೆಗಳನ್ನು ಅಧಿಕೃತವಾಗಿ ಬಿಡುಗಡೆ ಮಾಡೋಣ ಎಂಬ ಪ್ರಸ್ತಾವವಿಟ್ಟರು. ಯೋಜನೆಯೊಳಗೆ ದೊಡ್ಡ ಗದ್ದಲವೇ ಎದ್ದಿತು. ನನ್ನ ಮಟ್ಟಿಗೆ ಆ ಪ್ರಸ್ತಾವದ ರೀತಿ ಒರಟಾಗಿತ್ತು, ಅದು ಎತ್ತಿದ ಪ್ರಶ್ನೆ ಮಾತ್ರ ಸರಿಯಾಗಿತ್ತು. ನಾಲ್ಕಕ್ಕೆ ಇಳಿಸುವುದು ನಡೆಯಲಿಲ್ಲ. ಬದಲಿಗೆ ಒಂದು ಬಗೆ ಪಟ್ಟಿಯಲ್ಲಿ ಉಳಿಯಬೇಕಾದರೆ ಅದರ ಬಿಲ್ಡ್ ಯಂತ್ರಗಳು ವೇಗಕ್ಕೆ ಹೆಜ್ಜೆ ಹಾಕಬೇಕು, ಅನುಸ್ಥಾಪಕ ಕೆಲಸ ಮಾಡಬೇಕು, ನೋಡಿಕೊಳ್ಳುವ ಜನರಿರಬೇಕು ಎಂಬಂಥ ಮಾನದಂಡಗಳು ಬಂದವು. ಮೋಟರೋಲಾ 68000 ಕುಟುಂಬದ ಯಂತ್ರಗಳು ಆ ವೇಗಕ್ಕೆ ಹೊಂದಲಾಗದೆ 2007ರ ಬಿಡುಗಡೆಯಿಂದ ಹೊರಬಿದ್ದವು. ಆದರೆ ಸಾಯಲಿಲ್ಲ. ಪ್ರೀತಿಯುಳ್ಳ ಕೆಲವರು ಅಧಿಕೃತ ಪಟ್ಟಿಯ ಹೊರಗೆ ಅವನ್ನು ಇಂದಿಗೂ ನಡೆಸಿಕೊಂಡು ಬಂದಿದ್ದಾರೆ. ಮುಚ್ಚಿದ ತಂತ್ರಾಂಶದಲ್ಲಿ ಬೆಂಬಲ ಮುಗಿಯುವುದಕ್ಕೂ ಇಲ್ಲಿ ಮುಗಿಯುವುದಕ್ಕೂ ವ್ಯತ್ಯಾಸವೇನು ಎಂದು ಕೇಳಿದ ಓದುಗರು ಈ ಸಂಗತಿಯನ್ನು ಗಮನಿಸಬೇಕು.

ಲಿನಕ್ಸ್ ಕರ್ನಲ್‌ನಲ್ಲಿ ಇದು ಇನ್ನೂ ನೇರವಾಗಿ ಕಾಣುತ್ತದೆ. ಕರ್ನಲ್‌ನ ಪ್ರತಿ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆದಿಡುವ ಒಂದು ಕಡತವಿದೆ. ಅದರಲ್ಲಿ ಸಂಬಳ ಪಡೆದು ನೋಡಿಕೊಳ್ಳುವವರಿರುವ ಭಾಗಕ್ಕೆ ಒಂದು ಗುರುತು, ಸಂಬಳವಿಲ್ಲದಿದ್ದರೂ ನೋಡಿಕೊಳ್ಳುವವರಿರುವ ಭಾಗಕ್ಕೆ ಇನ್ನೊಂದು, ಯಾರೂ ಇಲ್ಲದ ಭಾಗಕ್ಕೆ 'ಅನಾಥ' ಎಂಬ ಗುರುತು. ಇಂಟೆಲ್‌ನ ಇಟೇನಿಯಂ ಪ್ರೊಸೆಸರ್ 2021ರಲ್ಲಿ ಅನಾಥವಾಯಿತು. ಮುಂದೆ ಬರುವವರಿಗಾಗಿ ಒಂದಷ್ಟು ಕಾಲ ಕಾದು, 2024ರ ಜನವರಿಯಲ್ಲಿ ಬಂದ ಕರ್ನಲ್ ಆವೃತ್ತಿ 6.7ರಲ್ಲಿ ಅದನ್ನು ತೆಗೆದುಹಾಕಿದರು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಕರ್ನಲ್ ಬರೆಯಲು ತೊಡಗಿದ್ದೇ 386 ಪ್ರೊಸೆಸರ್ ಇದ್ದ ಕಂಪ್ಯೂಟರಿನಲ್ಲಿ. ಆ 386ರ ಬೆಂಬಲ 2013ರ ಫೆಬ್ರವರಿಯಲ್ಲಿ ಬಂದ 3.8ರಲ್ಲಿ ಹೋಯಿತು. ಹೊಸ ಪ್ರೊಸೆಸರುಗಳಲ್ಲಿರುವ ಕೆಲವು ಮೂಲ ಸೂಚನೆಗಳು 386ರಲ್ಲಿ ಇಲ್ಲ, ಆ ಕೊರತೆ ತುಂಬಲು ಬರೆದ ಅಡ್ಡದಾರಿಗಳು ಎಲ್ಲರ ಕೆಲಸಕ್ಕೂ ತೊಡಕಾಗಿದ್ದವು. ಹುಟ್ಟಿದ ಮನೆಯೆಂಬ ಭಾವುಕತೆಗೆ ಅಲ್ಲಿ ಜಾಗ ಸಿಗಲಿಲ್ಲ.

ಫೆಡೋರಾದ ಕಥೆ ಹೆಚ್ಚು ಪಾಠ ಹೇಳುವಂಥದ್ದು. 32-ಬಿಟ್ ಇಂಟೆಲ್ ಯಂತ್ರಗಳ ಕರ್ನಲ್ ನಿಲ್ಲಿಸುವ ಮಾತು 2017ರಲ್ಲಿ ಬಂದಾಗ ಬಳಕೆದಾರರು ವಿರೋಧಿಸಿದರು. ಹಾಗಾದರೆ ಒಂದು ಗುಂಪು ಕಟ್ಟಿ ನೀವೇ ಪರೀಕ್ಷಿಸಿ, ದೋಷ ಸರಿಪಡಿಸಿ ಎಂದು ಯೋಜನೆ ಹೇಳಿತು. ಗುಂಪು ರಚನೆಯಾಯಿತು. ಕೆಲಸ ಮಾತ್ರ ಹೇಳಿಕೊಳ್ಳುವಷ್ಟು ನಡೆಯಲಿಲ್ಲ. 2019ರಲ್ಲಿ ಬಂದ ಫೆಡೋರಾ 31ರ ಹೊತ್ತಿಗೆ ಆ ಕರ್ನಲ್ ಹೋಯಿತು. ವಿರೋಧಿಸಲು ಬಂದವರಲ್ಲಿ ಪರೀಕ್ಷಿಸಲು ಉಳಿದವರು ತೀರ ಕಡಿಮೆ.

ಡೆಬಿಯನ್ 13ರ ವಿಷಯದಲ್ಲೂ ನಿಮ್ಮ ಓದುಗರ ದೂರು ಅರ್ಧ ಸತ್ಯ. 32-ಬಿಟ್ ಇಂಟೆಲ್ ಬಗೆಗೆ ಅಧಿಕೃತ ಕರ್ನಲ್ ಮತ್ತು ಅನುಸ್ಥಾಪಕ ಈಗ ಇಲ್ಲ, ನಿಜ. ಆ ಬಗೆಯ ಪ್ಯಾಕೇಜುಗಳು ಮಾತ್ರ ಇವೆ, 64-ಬಿಟ್ ವ್ಯವಸ್ಥೆಯೊಳಗೆ ಹಳೆಯ 32-ಬಿಟ್ ಪ್ರೋಗ್ರಾಮುಗಳನ್ನು ಓಡಿಸಬೇಕಾದವರಿಗಾಗಿ. 2025ರ ಡಿಸೆಂಬರ್‌ನಲ್ಲಿ ಬಂದ, ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿ 15 ಕೂಡ ಹೆಚ್ಚುಕಡಿಮೆ ಇದೇ ನಿಲುವು ತಳೆದಿದೆ. ಕಾರಣಗಳು ಎದುರಿಗೇ ಇವೆ. 32-ಬಿಟ್ ಪ್ರಕ್ರಿಯೆಗೆ 4 ಗಿಗಾಬೈಟ್‌ಗಿಂತ ಹೆಚ್ಚಿನ ವಿಳಾಸ ವ್ಯಾಪ್ತಿ ಇಲ್ಲ, ಇಂದಿನ ಬ್ರೌಸರನ್ನು ಆ ಮಿತಿಯೊಳಗೆ ಬಿಲ್ಡ್ ಮಾಡುವುದೇ ಹೋರಾಟ. 32-ಬಿಟ್ ಲಿನಕ್ಸ್‌ಗೆ ಫೈರ್‌ಫಾಕ್ಸ್ 144 ಕೊನೆಯದಾದದ್ದನ್ನು ಈ ಹಿನ್ನೆಲೆಯಲ್ಲೂ ನೋಡಬೇಕು. ಕಾಲವನ್ನು 32 ಬಿಟ್‌ಗಳಲ್ಲಿ ಎಣಿಸುವ ಹಳೆಯ ಪದ್ಧತಿ 2038ರ ಜನವರಿ 19ರಂದು ಮುಗಿದುಹೋಗುತ್ತದೆ. ಡೆಬಿಯನ್ ಉಳಿದ 32-ಬಿಟ್ ಬಗೆಗಳನ್ನು 64-ಬಿಟ್ ಕಾಲಗಣನೆಗೆ ಬದಲಾಯಿಸಿ, ಇಂಟೆಲ್ ಬಗೆಯನ್ನು ಮಾತ್ರ, ಹಳೆಯ ಪ್ರೋಗ್ರಾಮುಗಳು ಮುರಿಯದಿರಲಿ ಎಂದು, ಇದ್ದಂತೆಯೇ ಬಿಟ್ಟಿದೆ. ಅದೇ ಆವೃತ್ತಿಯಲ್ಲಿ ರಿಸ್ಕ್-ಫೈವ್ ಎಂಬ ಪ್ರೊಸೆಸರ್ ಬಗೆ ಮೊದಲ ಬಾರಿಗೆ ಅಧಿಕೃತ ಪಟ್ಟಿಗೆ ಸೇರಿದೆ ಎಂಬುದನ್ನು ಯಾವ ಪತ್ರವೂ ಹೇಳಲಿಲ್ಲ. ಜನ ಬಂದರು, ಯಂತ್ರ ತಂದರು, ಪಟ್ಟಿಗೆ ಸೇರಿತು.

ಇಲ್ಲೊಂದು ಉಪಯುಕ್ತ ಮಾತು. ತಮ್ಮದು 32-ಬಿಟ್ ಯಂತ್ರ ಎಂದು ತಿಳಿದಿರುವ ಬಹಳಷ್ಟು ಜನರ ಯಂತ್ರ ನಿಜಕ್ಕೂ ಹಾಗಿರುವುದಿಲ್ಲ. ಈ ಕುಟುಂಬದಲ್ಲಿ 64-ಬಿಟ್ ಪ್ರೊಸೆಸರುಗಳು 2003ರಿಂದಲೇ ಇವೆ. ಅವುಗಳ ಮೇಲೆ 32-ಬಿಟ್ ವಿಂಡೋಸ್ ಹಾಕಿ ಮಾರಿದ್ದರಿಂದ ಹಾಗನ್ನಿಸುತ್ತದೆ. ಆಟಮ್ ಎನ್270 ಇದ್ದ ಸಣ್ಣ ನೆಟ್‌ಬುಕ್‌ನಂಥವು ಮಾತ್ರ ನಿಜವಾದ 32-ಬಿಟ್ ಯಂತ್ರಗಳು. ಸಿಟ್ಟಾಗುವ ಮೊದಲು ಪ್ರೊಸೆಸರ್ ಮಾದರಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಫರ್ಮ್‌ವೇರ್ ವಿಚಾರ ಇದಕ್ಕಿಂತ ಮುಜುಗರದ್ದು. ಬಹುತೇಕ ವೈಫೈ ಚಿಪ್‌ಗಳು ತಮ್ಮೊಳಗೆ ಓಡುವ ಪ್ರೋಗ್ರಾಮನ್ನು ಪ್ರತಿ ಸಲ ಆಪರೇಟಿಂಗ್ ಸಿಸ್ಟಮ್‌ನಿಂದಲೇ ಪಡೆಯುತ್ತವೆ, ಅದರ ಮೂಲ ಸಂಕೇತವನ್ನು ತಯಾರಕರು ಕೊಡುವುದಿಲ್ಲ. ಮುಕ್ತವಲ್ಲದ್ದನ್ನು ಅಧಿಕೃತ ಅನುಸ್ಥಾಪನಾ ಕಡತದಲ್ಲಿ ಸೇರಿಸುವುದಿಲ್ಲ ಎಂಬ ಡೆಬಿಯನ್‌ನ ನಿಯಮದಿಂದಾಗಿ, ಹೊಸಬರು ಅನುಸ್ಥಾಪನೆಯ ನಡುವೆ ಒಂದು ಗೋಡೆಗೆ ಬಂದು ನಿಲ್ಲುತ್ತಿದ್ದರು: ವೈಫೈ ನಡೆಯಲು ಇಂಥ ಕಡತ ಬೇಕು ಎಂದು ಪರದೆ ಹೇಳುತ್ತದೆ, ಆ ಕಡತ ಇಳಿಸಿಕೊಳ್ಳಲು ವೈಫೈ ಬೇಕು. 2022ರ ಅಕ್ಟೋಬರ್‌ನಲ್ಲಿ ಯೋಜನೆಯ ಸದಸ್ಯರು ಮತ ಹಾಕಿ, ಅಂಥ ಫರ್ಮ್‌ವೇರನ್ನು ಅಧಿಕೃತ ಅನುಸ್ಥಾಪಕದಲ್ಲೇ ಸೇರಿಸಲು ತೀರ್ಮಾನಿಸಿದರು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಅದು ಜಾರಿಗೆ ಬಂತು. ತತ್ವ ಸಡಿಲವಾಯಿತೆಂದು ನೊಂದವರಿದ್ದಾರೆ, ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಈ ತೀರ್ಮಾನ ಸರಿ ಎಂದೇ ನನ್ನ ಅನಿಸಿಕೆ, ಏಕೆಂದರೆ ಅನುಸ್ಥಾಪನೆಯೇ ಮುಗಿಯದ ವ್ಯವಸ್ಥೆಯ ಸ್ವಾತಂತ್ರ್ಯವನ್ನು ಯಾರೂ ಅನುಭವಿಸಲಾರರು.

ಹಾಗಾದರೆ ಹಳೆಯ ಯಂತ್ರವಿರುವ ಸಾಮಾನ್ಯ ಓದುಗ ಏನು ಮಾಡಬಹುದು? ಪ್ರೋಗ್ರಾಮಿಂಗ್ ಬರಬೇಕಿಲ್ಲ. ಬೀಟಾ ಹಂತದ ಲೈವ್ ಆವೃತ್ತಿಯನ್ನು ಪೆನ್‌ಡ್ರೈವ್‌ಗೆ ಬರೆದು, ಕಂಪ್ಯೂಟರಿನ ಡಿಸ್ಕ್‌ಗೆ ಏನನ್ನೂ ಹಾಕದೆ ಅದರಿಂದಲೇ ಚಾಲೂ ಮಾಡಿ, ವೈಫೈ, ಧ್ವನಿ, ಬ್ಲೂಟೂತ್, ಕ್ಯಾಮೆರಾ, ಪರದೆಯ ಬೆಳಕು ಇವನ್ನು ನೋಡಬಹುದು. ಮುಖ್ಯವಾಗಿ ನಿದ್ರೆಗೆ ಕಳಿಸಿ ಎಬ್ಬಿಸಿ ನೋಡಬೇಕು. ಮೇಲೆ ಹೇಳಿದ ಎರಡು ಪ್ರಕರಣಗಳನ್ನು ಓದಿದವರು, ಪರೀಕ್ಷೆಗೆ ಮೊದಲು ಮುಖ್ಯ ಕಡತಗಳ ಪ್ರತಿ ಬೇರೆಡೆ ಇಟ್ಟುಕೊಳ್ಳಬೇಕೆಂದು, ದಿನದ ಕೆಲಸ ನಿಂತಿರುವ ಏಕೈಕ ಯಂತ್ರವನ್ನು ಇದಕ್ಕೆ ಒಡ್ಡಬಾರದೆಂದು ಬೇರೆ ಹೇಳಿಸಿಕೊಳ್ಳಬೇಕಿಲ್ಲ. ಏನಾದರೂ ಕೆಟ್ಟಿದ್ದರೆ ವರದಿ ಬರೆಯಬೇಕು. 'ವೈಫೈ ಬರುತ್ತಿಲ್ಲ, ದಯವಿಟ್ಟು ಸರಿಪಡಿಸಿ' ಎಂಬ ವರದಿಯಿಂದ ಯಾರಿಗೂ ಪ್ರಯೋಜನವಿಲ್ಲ. ಲ್ಯಾಪ್‌ಟಾಪಿನ ಮಾದರಿಯ ಹೆಸರೂ ಸಾಲದು. ಒಂದೇ ಹೆಸರಿನಲ್ಲಿ ಮಾರಾಟವಾದ ಎರಡು ಲ್ಯಾಪ್‌ಟಾಪ್‌ಗಳ ಒಳಗೆ ಬೇರೆ ಬೇರೆ ವೈಫೈ ಚಿಪ್ ಇರುವುದು ಸಾಮಾನ್ಯ. ಚಿಪ್ಪಿಗೆ ಅದರದೇ ಗುರುತಿನ ಸಂಖ್ಯೆಯಿದೆ, ತಯಾರಕರಿಗೆ ನಾಲ್ಕು ಅಂಕೆ, ಸಾಧನಕ್ಕೆ ನಾಲ್ಕು ಅಂಕೆ. (ಇಂಟೆಲ್‌ನ ತಯಾರಕ ಸಂಖ್ಯೆ 8086, ತನ್ನ ಹಳೆಯ ಪ್ರೊಸೆಸರಿನ ನೆನಪನ್ನು ಆ ಕಂಪನಿ ಪ್ರತಿ ಚಿಪ್ಪಿನಲ್ಲೂ ಉಳಿಸಿಕೊಂಡಿದೆ.) ಆ ಸಂಖ್ಯೆ, ಕರ್ನಲ್‌ನ ಆವೃತ್ತಿ, ಕರ್ನಲ್ ಬರೆದಿಟ್ಟ ಸಂದೇಶಗಳ ಪೂರ್ತಿ ದಾಖಲೆ, ಹಿಂದಿನ ಯಾವ ಆವೃತ್ತಿಯಲ್ಲಿ ಇದು ಸರಿಯಾಗಿತ್ತು ಎಂಬ ಮಾಹಿತಿ, ಇಷ್ಟಿದ್ದರೆ ವರದಿಗೆ ಬೆಲೆ ಬರುತ್ತದೆ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಒಂದು ಕರ್ನಲ್ ಆವೃತ್ತಿಯಿಂದ ಮುಂದಿನದಕ್ಕೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆಗಳಾಗುತ್ತವೆ, ಕೆಡಿಸಿದ್ದು ಯಾವುದೆಂದು ಕಣ್ಣಿನಿಂದ ಹುಡುಕುವುದು ಅಸಾಧ್ಯ. ಆದರೆ 'ಅದರಲ್ಲಿ ಸರಿಯಿತ್ತು, ಇದರಲ್ಲಿ ಕೆಟ್ಟಿದೆ' ಎಂದು ಖಚಿತವಾಗಿ ಗೊತ್ತಿದ್ದರೆ, ನಡುವಿನದನ್ನು ಓಡಿಸಿ ನೋಡಿ ಅರ್ಧವನ್ನು ತಳ್ಳಿಹಾಕಬಹುದು, ಉಳಿದ ಅರ್ಧದಲ್ಲಿ ಮತ್ತೆ ಅದನ್ನೇ ಮಾಡಬಹುದು. ಹೀಗೆ ಹತ್ತು ಸಾವಿರದಿಂದ ಒಂದಕ್ಕೆ ಇಳಿಯಲು ಸುಮಾರು 14 ಸಲ ಬಿಲ್ಡ್ ಮಾಡಿ ಮರುಚಾಲನೆ ಮಾಡಿದರೆ ಸಾಕು. ಈ ತಾಳ್ಮೆ ಇರುವ, ಆ ಯಂತ್ರವೂ ಕೈಯಲ್ಲಿರುವ ಒಬ್ಬ ಬಳಕೆದಾರ ಕೊಡುವ ವರದಿಯನ್ನು ಯಾವ ನಿರ್ವಾಹಕನೂ ಕಡೆಗಣಿಸುವುದಿಲ್ಲ; ಹಿಂದೆ ನಡೆಯುತ್ತಿದ್ದದ್ದು ಈಗ ಕೆಟ್ಟಿದೆ ಎಂಬ ದೂರಿಗೆ ಕರ್ನಲ್ ಬಳಗದಲ್ಲಿ ಹೊಸ ಸೌಲಭ್ಯದ ಬೇಡಿಕೆಗಿಂತ ಹೆಚ್ಚಿನ ಮನ್ನಣೆಯಿದೆ. ಆದರೆ ಅದೇ ವರದಿ ಬಿಡುಗಡೆಯಾಗಿ ಆರು ತಿಂಗಳಾದ ಮೇಲೆ ಬಂದರೆ, ಸರಿಪಡಿಸುವುದು ಸಾಧ್ಯವಾದರೂ ಸ್ಥಿರ ಆವೃತ್ತಿಗೆ ಅದನ್ನು ಸೇರಿಸಲು ಹಿಂದೆ ಹೇಳಿದ ಅರ್ಜಿ, ಪರಿಶೀಲನೆ, ಕಾಯುವಿಕೆ ಎಲ್ಲವೂ ಬೇಕಾಗುತ್ತದೆ.

ಆದ್ದರಿಂದ ನಿಮ್ಮಲ್ಲಿ ನನ್ನದು ಎರಡು ಕೋರಿಕೆ. ಉಬುಂಟು ಪ್ರತಿ ವರ್ಷ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬಿಡುಗಡೆಯಾಗುತ್ತದೆ, ಫೆಡೋರಾ ಕೂಡ ಹೆಚ್ಚುಕಡಿಮೆ ಅದೇ ಸಮಯದಲ್ಲಿ. ಇವೆರಡರ ಬೀಟಾಗಳು ಕೆಲವು ವಾರ ಮೊದಲೇ ಹೊರಬರುತ್ತವೆ. ಡೆಬಿಯನ್ ತನ್ನ ಫ್ರೀಜ್ ದಿನಾಂಕಗಳನ್ನು ಮುಂಚಿತವಾಗಿಯೇ ಪ್ರಕಟಿಸುತ್ತದೆ. ಬಿಡುಗಡೆಯ ದಿನ ಅರ್ಧ ಪುಟದ ಲೇಖನ ಹಾಕುವ ಬದಲು, ಬೀಟಾ ಬಂದ ವಾರದಲ್ಲೇ, ಇಂಥ ಯಂತ್ರವಿರುವವರು ಈಗ ಪರೀಕ್ಷಿಸಿ, ದೋಷ ಕಂಡರೆ ಹೀಗೆ ವರದಿ ಮಾಡಿ ಎಂದು ನಾಲ್ಕು ಸಾಲು ಹಾಕಿ. ಎರಡನೆಯದಾಗಿ, ಹಳೆಯ ಕಂಪ್ಯೂಟರಿಗೆ ಇಂಥದ್ದನ್ನು ಹಾಕಿಕೊಳ್ಳಿ ಎಂದು ಬರೆಯುವಾಗ, ಯಾವ ಪ್ರೊಸೆಸರ್ ಮತ್ತು ಯಾವ ವೈಫೈ ಚಿಪ್ ಇದ್ದ ಯಂತ್ರದಲ್ಲಿ ಲೇಖಕರು ಪರೀಕ್ಷಿಸಿದರು, ಆ ಆವೃತ್ತಿಗೆ ಭದ್ರತಾ ಪರಿಷ್ಕರಣೆ ಯಾವ ವರ್ಷದವರೆಗೆ ಸಿಗುತ್ತದೆ ಎಂಬುದನ್ನೂ ಲೇಖನದಲ್ಲೇ ಮುದ್ರಿಸಿ. ಓದುಗರು ತಮ್ಮ ಯಂತ್ರದ ಜೊತೆ ಹೋಲಿಸಿ ನೋಡಿಕೊಂಡು ಮುಂದುವರಿಯುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮುಕ್ತ ತಂತ್ರಾಂಶ ಪರೀಕ್ಷೆಯಲ್ಲಿ ತೊಡಗಿರುವ ಒಬ್ಬ ಓದುಗ